ಕಾಡುಕುರಿಯನ್ನು ಓದಲು ಹೊರಟವರಿಗೆ

ಮಕ್ಕಳೇ, ರಜೆಗೆ ಊರಿಗೆ ಬಂದಾಗ ನೀವು ಆಡುವ ಮಾತು ಕೇಳುವುದೇ ನನಗೊಂದು ಖುಷಿ. ಹಿಂದೆಲ್ಲ ಕಕ್ಕಬೆಯಿಂದ ಹೊರಗೆ ಹೋದವರು ಸೈನ್ಯ, ಬ್ಯಾಂಕು, ಕಾಫಿ ಬೋರ್ಡು ಎನ್ನುತ್ತಿದ್ದರು. ಈಗ ಒಬ್ಬಳು ಸೀಕ್ವೆನ್ಸಿಂಗ್ ಎನ್ನುತ್ತಾಳೆ, ಇನ್ನೊಬ್ಬ ಅಸೆಂಬ್ಲಿ ಎನ್ನುತ್ತಾನೆ. "ಒಂದು ಪ್ರಾಣಿಯ ಜೀನೋಮ್ ಪೂರ್ತಿ ಓದುವುದು ಈಗ ದೊಡ್ಡ ವಿಷಯವೇ ಅಲ್ಲ ಅಜ್ಜ" ಎಂದು ಕಾಫಿ ಲೋಟ ಕೆಳಗಿಟ್ಟು ಎದ್ದುಬಿಡುತ್ತೀರಿ. ಯಂತ್ರದ ಮಟ್ಟಿಗೆ ಆ ಮಾತು ನಿಜ. ನಾನು ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸಿ ನಿವೃತ್ತನಾದವನು, ಆ ಯಂತ್ರ ನಡೆಸಿದವನಲ್ಲ. ಅದರ ಪಾಠ ನಿಮಗೆ ಹೇಳಲು ಹೋಗುವುದಿಲ್ಲ. ಆದರೆ ಆ ಯಂತ್ರದ ಬಾಯಿಗೆ ನೀವು ಏನು ಹಾಕುತ್ತೀರಿ ಎಂಬ ಬಗ್ಗೆ ನಾಲ್ಕು ಮಾತು ಹೇಳಲೇಬೇಕು. ಯಾವ ಪ್ರಾಣಿಯ ರಕ್ತ, ಅದು ಯಾವ ಬೆಟ್ಟದ್ದು, ನಿಮ್ಮ ಕೈಗೆ ಬಂದದ್ದು ಹೇಗೆ? ಈ ಮೂರಕ್ಕೆ ಉತ್ತರವಿಲ್ಲದ ಜೀನೋಮನ್ನು ಎಷ್ಟು ಚಂದ ಜೋಡಿಸಿದರೂ ನಮ್ಮ ಕಾಡಿಗೆ ಅದರಿಂದ ಕಾಸಿನ ಪ್ರಯೋಜನವಿಲ್ಲ.

ನಮ್ಮ ಕಾಡುಕುರಿಯನ್ನೇ ತೆಗೆದುಕೊಳ್ಳಿ. ತಡಿಯಂಡಮೋಳಿನ ಶೋಲಾದಲ್ಲಿ, ಹಳೆಯ ಏಲಕ್ಕಿ ಮಲೆಗಳಲ್ಲಿ, ನಾಲ್ಕುನಾಡು ಅರಮನೆಯ ಹಿಂದಿನ ಕಾಡಿನಲ್ಲಿ ಸಂಜೆ ಹೊತ್ತಿಗೆ ನಾಯಿಯ ಹಾಗೆ ಬೊಗಳುವ ಜಿಂಕೆ. ಚುಕ್ಕೆ ಜಿಂಕೆಯಂತೆ ಹಿಂಡು ಕಟ್ಟುವುದಿಲ್ಲ, ಒಂಟಿಯಾಗಿ ಮೇಯುತ್ತದೆ. ಗಂಡಿಗೆ ಉದ್ದನೆಯ ಬುಡದ ಮೇಲೆ ಗಿಡ್ಡ ಕೊಂಬು, ಮೇಲ್ದವಡೆಯಲ್ಲಿ ಒಂದು ಜೊತೆ ಕೋರೆಹಲ್ಲು. ಉದುರಿದ ಹಣ್ಣು ಕಂಡರೆ ಬಿಡದು. ಹಾಗಾಗಿ ಕಾಡಿನಲ್ಲಿ ಬೀಜ ಬಿತ್ತುವವರಲ್ಲಿ ಅದೂ ಒಂದು. ವಿಶ್ವ ಸಂರಕ್ಷಣಾ ಒಕ್ಕೂಟದ ಕೆಂಪು ಪಟ್ಟಿಯಲ್ಲಿ ಈ ಪ್ರಾಣಿಯ ಎದುರು ಸದ್ಯಕ್ಕೆ ಹೆಚ್ಚು ಆತಂಕವಿಲ್ಲ ಎಂದಿದೆ. ಅದೇ ಸಾಲಿನಲ್ಲಿ ಸಂಖ್ಯೆ ಇಳಿಯುತ್ತಿದೆ ಎಂದೂ ಇದೆ. ಕಡವೆಯನ್ನಂತೂ 2008ರಲ್ಲೇ ಅಪಾಯದ ಅಂಚಿನಲ್ಲಿರುವವುಗಳ ಸಾಲಿಗೆ ಸೇರಿಸಿದ್ದಾರೆ. ಹಿಂಡು ಕಟ್ಟಿಕೊಂಡು ಓಡಾಡುವ ಪ್ರಾಣಿಯಲ್ಲವಾದ್ದರಿಂದ ಕಾಡುಕುರಿ ಕಡಿಮೆಯಾದದ್ದು ಯಾರ ಗಮನಕ್ಕೂ ಬೇಗ ಬರುವುದಿಲ್ಲ. ಕೋವಿ, ಉರುಳು, ತೋಟದ ನಾಯಿ, ಹೊಸ ರಸ್ತೆ, ಬೇಲಿ ಎಲ್ಲವೂ ಅದರ ಪಾಲಿಗೆ ಮುಳುವಾಗಿವೆ. ಬೇಟೆ 1972ರ ಕಾಯಿದೆಯಿಂದ ನಿಂತಿತು ಎಂದು ಪುಸ್ತಕದಲ್ಲಿ ಓದಿದ್ದೀರಿ. ಊರಿನಲ್ಲಿ ಅದು ಎಷ್ಟರ ಮಟ್ಟಿಗೆ ನಿಂತಿದೆ ಎಂದು ನಿಮಗೂ ಗೊತ್ತು, ನನಗೂ ಗೊತ್ತು.

ಈ ಪುಟ್ಟ ಜಿಂಕೆಗೆ ಜೀವಶಾಸ್ತ್ರದಲ್ಲಿ ದೊಡ್ಡ ಹೆಸರಿದೆ. 1970ರಲ್ಲಿ ಡೋರಿಸ್ ವರ್ಸ್ಟರ್ ಮತ್ತು ಕರ್ಟ್ ಬೆನಿರ್ಷ್ಕೆ ಎಂಬ ಇಬ್ಬರು 'ಸೈನ್ಸ್' ಪತ್ರಿಕೆಯಲ್ಲಿ ಒಂದು ಲೆಕ್ಕ ಪ್ರಕಟಿಸಿದರು. ಚೀನಾದ ಕಾಡುಕುರಿಗೆ ಮನುಷ್ಯನಿಗಿರುವಷ್ಟೇ, ಅಂದರೆ 46 ವರ್ಣತಂತುಗಳು. ನೋಡಲು ಅದರ ಅಕ್ಕನಂತಿರುವ ಭಾರತದ ಕಾಡುಕುರಿಯಲ್ಲಿ ಹೆಣ್ಣಿಗೆ ಬರೀ 6, ಗಂಡಿಗೆ 7. ಸಸ್ತನಿಗಳಲ್ಲಿ ಇದಕ್ಕಿಂತ ಕಡಿಮೆ ಸಂಖ್ಯೆ ಮತ್ತೆಲ್ಲೂ ಇಲ್ಲ. ಹಳೆಯ ವರ್ಣತಂತುಗಳು ತುದಿಗೆ ತುದಿ ಅಂಟಿಕೊಳ್ಳುತ್ತ ಬಂದು ಕೆಲವೇ ಭಾರಿ ತಂತುಗಳಾಗಿವೆ. ಎಕ್ಸ್ ಕೂಡ ಮೂರನೆಯ ಜೋಡಿಯ ತಂತುವಿಗೆ ಅಂಟಿಕೊಂಡಿರುವುದರಿಂದ ಗಂಡಿಗೆ ಬಿಡಿ ತಂತು ಒಂದು ಹೆಚ್ಚು. ನಾನು ತರಗತಿಯಲ್ಲಿ ಈ ಲೆಕ್ಕ ಹೇಳುವಾಗಲೆಲ್ಲ ಹಿಂದಿನ ಬೆಂಚಿನಿಂದ ಒಬ್ಬನಾದರೂ "ಸರ್, ಅಚ್ಚಿನ ತಪ್ಪಿರಬೇಕು" ಎನ್ನುತ್ತಿದ್ದ.

2020ರಲ್ಲಿ ಕ್ಯಾಲಿಫೋರ್ನಿಯಾದ ಬರ್ಕ್ಲಿಯ ಡೇನಿಯಲ್ ರೋಕ್ಸರ್ ಮತ್ತು ಸಂಗಡಿಗರು ಈ ಎರಡೂ ಕಾಡುಕುರಿಗಳ ಜೀನೋಮನ್ನು ವರ್ಣತಂತುಗಳ ಮಟ್ಟದವರೆಗೆ ಜೋಡಿಸಿ ತೋರಿಸಿದರು. ಎರಡೂ ಬೇರೆಯಾದ ಮೇಲೆ, ಸುಮಾರು 50 ಲಕ್ಷ ವರ್ಷಗಳಲ್ಲಿ, ಭಾರತದ ಕಾಡುಕುರಿಯ ಕವಲೊಂದರಲ್ಲೇ 26 ಬೆಸುಗೆಗಳಾಗಿವೆ ಎಂದು ಎಣಿಸಿದರು. ಅದ್ಭುತ ಕೆಲಸ. ಅದಕ್ಕೆ ಬಳಸಿದ್ದು ಪ್ರಯೋಗಾಲಯದಲ್ಲಿ ಬೆಳೆಸುತ್ತ ಬಂದ ಕೋಶಗಳನ್ನು. ವರ್ಣತಂತು ಹೇಗೆ ಬೆಸೆಯಿತು ಎಂಬ ಪ್ರಶ್ನೆಗೆ ಅಷ್ಟು ಸಾಕು. ತಡಿಯಂಡಮೋಳಿನ ಕಾಡುಕುರಿಯೂ ಬ್ರಹ್ಮಗಿರಿಯ ಕಾಡುಕುರಿಯೂ ಇನ್ನೂ ಬೆರೆಯುತ್ತಿವೆಯೇ, ಎಷ್ಟು ಹತ್ತಿರದ ನೆಂಟರಲ್ಲಿ ಕೂಡಿಕೆಯಾಗುತ್ತಿದೆ ಎಂಬುದು ನಿಮ್ಮ ಪ್ರಶ್ನೆಯಾದರೆ ಅಷ್ಟು ಸಾಲದು.

ಯಾಕೆ ಸಾಲದು ಎನ್ನುವುದಕ್ಕೆ ಇನ್ನೊಂದು ಅಧ್ಯಯನ ಓದಿ. 2017ರಲ್ಲಿ ಬರ್ಲಿನ್ನಿನ ವನ್ಯಜೀವಿ ಸಂಶೋಧನಾ ಸಂಸ್ಥೆಯವರು ಏಷ್ಯಾದ ಕೆಂಪು ಕಾಡುಕುರಿಗಳ ಹಳೆಯ ಮಾದರಿಗಳನ್ನು ವಸ್ತುಸಂಗ್ರಹಾಲಯಗಳ ಕಪಾಟಿನಿಂದ ತೆಗೆಸಿ, ತಾಯಿಯಿಂದ ಮಾತ್ರ ಬರುವ ಮೈಟೊಕಾಂಡ್ರಿಯದ ಡಿಎನ್‌ಎ ಓದಿದರು. ಮೂರು ಕವಲುಗಳು ಕಂಡವು. ಏಷ್ಯಾದ ಮುಖ್ಯ ಭೂಭಾಗದ್ದು ಒಂದು, ಸುಂದಾ ದ್ವೀಪಗಳ ಕಡೆಯದು ಒಂದು. ಮೂರನೆಯದು ಶ್ರೀಲಂಕಾದ್ದೂ ನಮ್ಮ ಪಶ್ಚಿಮ ಘಟ್ಟದ್ದೂ. ಅಂದರೆ ಇಲ್ಲಿ ಬೊಗಳುವ ಪ್ರಾಣಿಗೆ ತಾಯಿಯ ಕಡೆಯಿಂದ ಅಸ್ಸಾಮಿಗಿಂತ ಸಿಂಹಳದ ನಂಟು ಹತ್ತಿರ. ಮೈಟೊಕಾಂಡ್ರಿಯ ಎಂದರೆ ಬರೀ 16 ಸಾವಿರ ಚಿಲ್ಲರೆ ಅಕ್ಷರ. ಪೂರ್ತಿ ಜೀನೋಮ್ 250 ಕೋಟಿಗೂ ಹೆಚ್ಚು. ಆ ಚಿಕ್ಕ ಚೀಟಿಯೇ ಇಷ್ಟು ಹೇಳಿರುವಾಗ ಉಳಿದದ್ದನ್ನು ಘಟ್ಟದ ಪ್ರಾಣಿಯಿಂದಲೇ ಓದದೆ ತೀರ್ಮಾನ ಮಾಡುವುದು ಸರಿಯಲ್ಲ.

ಹಾಗೆಂದು ಬಲೆ ಹಿಡಿದು ಕಾಡಿಗೆ ನುಗ್ಗಬೇಡಿ. ಜಿಂಕೆಯ ಜಾತಿಯೇ ಅಂಜುಬುರುಕ. ಅಟ್ಟಿಸಿಕೊಂಡು ಹಿಡಿದರೆ ಸ್ನಾಯುಗಳು ಕೆಟ್ಟು, ಬಿಟ್ಟ ಮೇಲೂ ಗಂಟೆಗಳಲ್ಲೋ ದಿನಗಳಲ್ಲೋ ಸತ್ತುಹೋಗಬಹುದು. ಕಡಿಮೆಯಾಗುತ್ತಿರುವ ಪ್ರಾಣಿಯನ್ನು ಉಳಿಸುವ ಹೆಸರಲ್ಲಿ ಒಂದನ್ನು ಕೊಂದು ತಂದ ಜೀನೋಮ್ ನನ್ನ ಕಣ್ಣಿಗೆ ಹೊಸ ಬಗೆಯ ಬೇಟೆ, ಅಷ್ಟೇ. ರಕ್ತ ಬೇಕಾದರೆ, ಹೇಗೂ ಪಶುವೈದ್ಯರ ಕೈಗೆ ಬಂದ ಪ್ರಾಣಿಯನ್ನು ಕಾಯಿರಿ. ನಾಯಿ ಕಚ್ಚಿ ಚಿಕಿತ್ಸೆಗೆ ಬಂದದ್ದು, ಬಾವಿಗೆ ಬಿದ್ದು ಎತ್ತಿದ್ದು, ಗಾಡಿಗೆ ಸಿಕ್ಕಿ ಆಗತಾನೇ ಸತ್ತದ್ದು. ಮೃಗಾಲಯದ ಪ್ರಾಣಿಯೂ ಆಗಬಹುದು, ಮೈಸೂರಿನ ಮೃಗಾಲಯ 1892ರಿಂದ ಇದೆ. ಆದರೆ ಅಲ್ಲಿನ ಪ್ರಾಣಿಯ ಅಪ್ಪ ಅಮ್ಮ ಯಾವ ಕಾಡಿನವು ಎಂಬ ದಾಖಲೆ ನೋಡದೆ ಸಿರಿಂಜು ಎತ್ತಬೇಡಿ. ಮೃಗಾಲಯಗಳ ನಡುವೆ ಪ್ರಾಣಿಗಳ ಕೊಡು ಕೊಳು ನಡೆಯುತ್ತಲೇ ಇರುತ್ತದೆ. ಉತ್ತರದ ಪ್ರಾಣಿಯ ಮೊಮ್ಮಗನನ್ನು ಕೊಡಗಿನದು ಎಂದು ಬರೆದುಬಿಟ್ಟರೆ ಮುಂದೆ ಅದನ್ನು ತಿದ್ದುವವರು ಯಾರು?

ಮಾದರಿ ತೆಗೆಯುವ ಕೆಲಸದಲ್ಲಿ ಅವಸರ ಬೇಕು, ಗಡಿಬಿಡಿ ಬೇಡ. ಸಸ್ತನಿಗಳ ಕೆಂಪು ರಕ್ತಕಣದಲ್ಲಿ ಕೋಶಕೇಂದ್ರವಿಲ್ಲ, ನಿಮಗೆ ಬೇಕಾದ ಡಿಎನ್‌ಎ ಬಿಳಿ ಕಣಗಳಲ್ಲಿದೆ. ಹೆಪ್ಪುಗಟ್ಟದಂತೆ ನೋಡಿಕೊಂಡು ತಣ್ಣಗೆ ಸಾಗಿಸಬೇಕು. ಉದ್ದುದ್ದ ಎಳೆ ಬೇಕಾದರೆ ಅಂಗಾಂಶವನ್ನು ಮೈನಸ್ 196 ಡಿಗ್ರಿಯ ದ್ರವ ಸಾರಜನಕಕ್ಕೆ ಇಳಿಸಬೇಕು. ಕಕ್ಕಬೆಯಿಂದ ವಿರಾಜಪೇಟೆಗೆ ಹೋಗುವ ದಾರಿ ನಿಮಗೆ ಗೊತ್ತು, ಆಷಾಢದಲ್ಲಿ ಆ ದಾರಿಯ ಪಾಡೂ ಗೊತ್ತು. ಐಸ್ ಕರಗಿದ ಪೆಟ್ಟಿಗೆಯಲ್ಲಿ ಡಿಎನ್‌ಎ ಚೂರುಚೂರಾಗಿ ಬೆಂಗಳೂರು ಸೇರಿದರೆ ಲಕ್ಷಗಟ್ಟಲೆ ಬೆಲೆಯ ಯಂತ್ರ ಅದನ್ನು ಕೂಡಿಸಿಕೊಡುವುದಿಲ್ಲ. ಪ್ರಾಣಿ ಗಂಡೋ ಹೆಣ್ಣೋ, ಅಂದಾಜು ವಯಸ್ಸು, ಸಿಕ್ಕ ಜಾಗದ ಅಕ್ಷಾಂಶ ರೇಖಾಂಶ, ಸತ್ತ ಹೊತ್ತು, ಮಾದರಿ ತೆಗೆದ ಹೊತ್ತು ಎಲ್ಲವನ್ನೂ ಅಲ್ಲೇ ನಿಂತು ಪೆನ್ಸಿಲಿನಲ್ಲಿ ಬರೆಯಿರಿ. ಪೆನ್ನಿನ ಶಾಯಿ ನಮ್ಮ ಮಳೆಗೆ ನಿಲ್ಲುವುದಿಲ್ಲ. ಕಾಡುಕುರಿಯ ಮಟ್ಟಿಗೆ ಗಂಡೋ ಹೆಣ್ಣೋ ಎಂಬುದು ಇನ್ನೂ ಮುಖ್ಯ, ತಂತುಗಳ ಎಣಿಕೆಯೇ ಅದರ ಮೇಲೆ ನಿಂತಿದೆಯಲ್ಲ.

ಮೊದಲು ಒಂದೋ ಎರಡೋ ಒಳ್ಳೆಯ ಮಾದರಿಯಿಂದ ಗಟ್ಟಿಯಾದ ಮೂಲಪ್ರತಿ ಮಾಡಿಕೊಂಡರೆ, ಆಮೇಲೆ ಪ್ರಾಣಿಯನ್ನು ಮುಟ್ಟದೆಯೇ ಬಹಳಷ್ಟು ಕೆಲಸ ಮಾಡಬಹುದು. ಹಿಕ್ಕೆಯ ಮೇಲಿನ ಲೋಳೆಯಲ್ಲಿ ಕರುಳಿನ ಕೋಶಗಳು ಅಂಟಿರುತ್ತವೆ. ಅದರಲ್ಲಿ ಸಿಗುವ ಡಿಎನ್‌ಎ ಚೂರುಚೂರು, ಬಹುಪಾಲು ಬ್ಯಾಕ್ಟೀರಿಯಾದ್ದು. ಆದರೂ ಎದುರಿಗೆ ಮೂಲಪ್ರತಿ ಇದ್ದರೆ ಯಾವ ಚೂರು ಕಾಡುಕುರಿಯದು, ಎರಡು ಹಿಕ್ಕೆ ಒಂದೇ ಪ್ರಾಣಿಯದೋ ಬೇರೆಬೇರೆಯದೋ ಎಂದು ಹೇಳಬಹುದು. ಹಿಕ್ಕೆ ಹೆಕ್ಕಲು ಜನವರಿಯಿಂದ ಮಾರ್ಚ್‌ವರೆಗೆ ಹೋಗಿ. ಜೂನ್ ಆದ ಮೇಲೆ ನಿಮಗಿಂತ ಮೊದಲು ಮಳೆಯೂ ಸೆಗಣಿ ಹುಳವೂ ಅಲ್ಲಿರುತ್ತವೆ.

ಮಳೆಗಾಲಕ್ಕೆ ಬೇರೆ ದಾರಿ ಇದೆ. ನೀವು ಮುಖ ಸಿಂಡರಿಸುತ್ತೀರಿ, ಆದರೂ ಹೇಳುತ್ತೇನೆ: ಇಂಬಳ. 2012ರಲ್ಲಿ ವಿಯೆಟ್ನಾಮಿನ ಅನ್ನಮೈಟ್ ಬೆಟ್ಟಗಳ ಮಳೆಕಾಡಿನಲ್ಲಿ ಹಿಡಿದ 25 ಇಂಬಳಗಳ ಹೊಟ್ಟೆಯ ರಕ್ತ ಪರೀಕ್ಷಿಸಿದಾಗ 21ರಲ್ಲಿ ಸಸ್ತನಿಗಳ ಡಿಎನ್‌ಎ ಸಿಕ್ಕಿತು. ಅದರಲ್ಲಿ ವಿಜ್ಞಾನಿಗಳು ಕಣ್ಣಿಂದ ಕಾಣುವುದೇ ಅಪರೂಪವಾಗಿದ್ದ ತ್ರುಂಗ್‌ಸಾನ್ ಕಾಡುಕುರಿಯದೂ ಇತ್ತು. ಕುಡಿದ ರಕ್ತದ ಡಿಎನ್‌ಎ ಇಂಬಳದ ಹೊಟ್ಟೆಯಲ್ಲಿ ತಿಂಗಳುಗಟ್ಟಲೆ ಉಳಿಯುತ್ತದಂತೆ. ಜೂನ್ ಜುಲೈಯಲ್ಲಿ ನಮ್ಮ ಏಲಕ್ಕಿ ಮಲೆಯಲ್ಲಿ ಹತ್ತು ಹೆಜ್ಜೆ ನಡೆದರೆ ಮಾದರಿಗಳು ತಾವಾಗಿಯೇ ಕಾಲಿಗೆ ಹತ್ತುತ್ತವೆ. ಈ ವಿಷಯದಲ್ಲಿ ಕೊಡಗು ಶ್ರೀಮಂತ ಜಿಲ್ಲೆ. ಇಂಬಳದಿಂದ ಜೀನೋಮ್ ಜೋಡಿಸಲಾಗದು, ಕಾಡಿನಲ್ಲಿ ಯಾವ ಪ್ರಾಣಿ ಇದೆ ಎಂದು ತಿಳಿಯಬಹುದು. ಅಷ್ಟಕ್ಕೇ ಅದನ್ನು ಬಳಸಿ.

ಇನ್ನೊಂದು ಮಾದರಿ ನೀವು ಹುಟ್ಟಿದಾಗಿನಿಂದ ತಲೆಯ ಮೇಲೆಯೇ ಇದೆ. ಐನ್‌ಮನೆಗಳ ಗೋಡೆಯ ಮೇಲಿನ ಕೊಂಬುಗಳು. ಅಜ್ಜಂದಿರ ಕಾಲದ ಕಡವೆ, ಚುಕ್ಕೆ ಜಿಂಕೆ, ಅಪರೂಪಕ್ಕೆ ಕಾಡುಕುರಿ. ಕೈಲ್‌ಪೊಳ್ದ್‌ಗೆ ಕೋವಿಗಳನ್ನು ಹೂವಿಟ್ಟು ಪೂಜಿಸುವಾಗ ಅವುಗಳ ಮೇಲಿನ ದೂಳನ್ನೂ ಒಮ್ಮೆ ಒರೆಸುತ್ತೇವೆ, ಮತ್ತೆ ಮುಂದಿನ ವರ್ಷದವರೆಗೆ ಮರೆಯುತ್ತೇವೆ. ಆ ತಲೆಬುರುಡೆಯ ಎಲುಬಿನಲ್ಲಿ, ಹಲ್ಲಿನ ಬೇರಿನಲ್ಲಿ ನೂರು ವರ್ಷದ ಹಿಂದಿನ ಡಿಎನ್‌ಎ ಇನ್ನೂ ಇರಬಹುದು. ಅದರ ಬೆಲೆ ತಿಳಿಯಬೇಕಾದರೆ ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದ ಉಮಾ ರಾಮಕೃಷ್ಣನ್ ಮತ್ತು ಜೊತೆಗಾರರು 2013ರಲ್ಲಿ ಪ್ರಕಟಿಸಿದ ಹುಲಿಗಳ ಅಧ್ಯಯನ ನೋಡಿ. ಬ್ರಿಟನ್ನಿನ ಸಂಗ್ರಹಾಲಯಗಳಲ್ಲಿದ್ದ ಬೇಟೆಯ ಕಾಲದ ಹುಲಿಗಳ ಮೈಟೊಕಾಂಡ್ರಿಯದಲ್ಲಿ ಕಂಡ ಬಗೆಗಳಲ್ಲಿ ಶೇಕಡ 93ರಷ್ಟು ಇಂದಿನ ಭಾರತದ ಹುಲಿಗಳಲ್ಲಿ ಇಲ್ಲ. ಏನು ಕಳೆದುಕೊಂಡೆವು ಎಂಬ ಲೆಕ್ಕ ಹೊರಬಿದ್ದದ್ದು ಹಾಗೆ ಕೊಂದು ಇಟ್ಟುಕೊಂಡ ಹುಲಿಗಳಿಂದಲೇ. ನಮ್ಮ ಜಿಂಕೆಗಳ ಅಂಥ ಲೆಕ್ಕಕ್ಕೆ ಆಧಾರ ನಮ್ಮ ಗೋಡೆಯ ಮೇಲಿದೆ.

ಆದರೆ ರಜೆಗೆ ಬಂದವರು ಉತ್ಸಾಹದಲ್ಲಿ ಡ್ರಿಲ್ ಹಿಡಿದು ಏಣಿ ಹತ್ತಬೇಡಿ. ಆ ಕೊಂಬುಗಳಿಗೆ ಅರಣ್ಯ ಇಲಾಖೆಯ ಮಾಲಿಕತ್ವದ ಪತ್ರ ಇರಬೇಕು. ಇದ್ದರೂ, ಅದರಿಂದ ಒಂದು ಚಿಟಿಕೆ ಪುಡಿ ತೆಗೆದು ಜಿಲ್ಲೆಯ ಹೊರಗೆ ಒಯ್ಯುವ ಮೊದಲು ಇಲಾಖೆಯ ಒಪ್ಪಿಗೆ ಕೇಳಿ. ಹಿಕ್ಕೆಗೂ ಅಷ್ಟೇ, ಇಂಬಳಕ್ಕೂ ಅಷ್ಟೇ, ಮೀಸಲು ಅರಣ್ಯದಿಂದ ಏನು ತಂದರೂ ಕಾಗದ ಬೇಕು. ಅನುಮತಿ ಬರಲು ತಿಂಗಳುಗಳು ಹಿಡಿಯುತ್ತವೆ ಎಂದು ಗೊಣಗುತ್ತೀರಿ, ನಾನೂ ಗೊಣಗುತ್ತಿದ್ದೆ. ಅರ್ಜಿಯನ್ನು ಬೇಗ ಹಾಕುವುದೊಂದೇ ಅದಕ್ಕೆ ಮದ್ದು. ಮನೆಯ ಹಿರಿಯರನ್ನು ಕೇಳಬೇಕೆಂಬುದನ್ನು ಬೇರೆ ಹೇಳಬೇಕಾಗಿಲ್ಲ. ಆ ಕೊಂಬು ಯಾವ ಮಲೆಯದು, ಯಾವ ಕಾಲದ್ದು ಎಂದು ಹೇಳಬಲ್ಲವರು ಅವರೇ, ಅವರೂ ಬಹಳ ಕಾಲ ಇರುವುದಿಲ್ಲ. ಈ ಸಲ ಪುತ್ತರಿ ಹಬ್ಬಕ್ಕೆ ಬಂದಾಗಲೇ ಕೇಳಿ ಬರೆದಿಡಿ.

ಇನ್ನು ಜೋಡಣೆ. ಇದರಲ್ಲಿ ನನಗಿಂತ ನಿಮಗೇ ಹೆಚ್ಚು ಗೊತ್ತು, ಆದರೂ ಮೋಸ ಹೋಗುವ ಜಾಗ ಯಾವುದೆಂದು ಹೇಳಿಬಿಡುತ್ತೇನೆ. ದುಡಿ ಬಡಿಯುತ್ತ ನಾಲ್ವರು ಹಾಡುವ ಬಾಳೋಪಾಟನ್ನು ಕೇಳಿದ್ದೀರಿ. ಗಂಟೆಗಟ್ಟಲೆಯ ಹಾಡು, ಒಂದೇ ಪಲ್ಲವಿ ಮತ್ತೆ ಮತ್ತೆ ಬರುತ್ತದೆ. ಅದನ್ನು ಕೇಳಿದ ನೂರು ಜನರಿಗೆ ತಲಾ ಎರಡೇ ಸಾಲು ನೆನಪಿದೆ ಎಂದುಕೊಳ್ಳಿ. ಒಬ್ಬನ ಎರಡನೆಯ ಸಾಲು ಇನ್ನೊಬ್ಬನ ಮೊದಲ ಸಾಲಿಗೆ ಕೂಡಿದಲ್ಲೆಲ್ಲ ಕಥೆ ಮುಂದೆ ಸಾಗುತ್ತದೆ. ಪಲ್ಲವಿ ಬಂದ ಕಡೆ ಸಿಕ್ಕಿಬೀಳುತ್ತೀರಿ, ಅದರ ನಂತರದ ಸಾಲು ಯಾವುದು ಬೇಕಾದರೂ ಆಗಬಹುದು. 150 ಅಕ್ಷರದ ತುಂಡುಗಳಿಂದ ಜೀನೋಮ್ ಜೋಡಿಸಿದವರ ಪಾಡು ಇದೇ. ಈಗಿನ ಯಂತ್ರಗಳು 15-20 ಸಾವಿರ ಅಕ್ಷರದ ತುಂಡನ್ನು ನಿಖರವಾಗಿ ಓದುತ್ತವೆ, ಇನ್ನು ಕೆಲವು ಲಕ್ಷ ದಾಟುತ್ತವೆ, ಹಾಗಾಗಿ ಪಲ್ಲವಿಯ ಆಚೆ ಈಚೆ ಎರಡೂ ಒಂದೇ ತುಂಡಿನಲ್ಲಿ ಸಿಗುತ್ತವೆ. ಮನುಷ್ಯನ ಜೀನೋಮಿನ ಕರಡು 2001ರಲ್ಲಿ ಬಂದರೂ ಸುಮಾರು ಶೇಕಡ 8ರಷ್ಟು ಭಾಗ 2022ರವರೆಗೆ ಖಾಲಿಯೇ ಉಳಿದದ್ದು ಇಂಥ ಪುನರಾವರ್ತನೆಗಳಿಂದಾಗಿ.

ಕಾಡುಕುರಿಗೆ ಮೂರೇ ಜೋಡಿ ತಂತು, ಕೆಲಸ ಸುಲಭ ಎಂದುಕೊಳ್ಳಬೇಡಿ. ಹಳೆಯ ತಂತುಗಳು ಬೆಸೆದ ಜಾಗದಲ್ಲಿ ಅವುಗಳ ತುದಿಯ, ನಡುವಿನ ಪುನರಾವರ್ತಿತ ಅಕ್ಷರಗಳ ಅವಶೇಷ ಹಾಗೆಯೇ ಉಳಿದಿದೆ. ನಿಮ್ಮ ತಂತ್ರಾಂಶ ತಪ್ಪುವುದೂ ಅಲ್ಲೇ, ಈ ಪ್ರಾಣಿಯ ಇತಿಹಾಸ ಇರುವುದೂ ಅಲ್ಲೇ. ಕೋಶದೊಳಗೆ ಯಾವ ತುಂಡು ಯಾವುದರ ಪಕ್ಕ ಮಡಚಿಕೊಂಡಿತ್ತು ಎಂದು ತೋರಿಸುವ ಹೈ-ಸಿ ವಿಧಾನದಿಂದ ತುಂಡುಗಳನ್ನು ತಂತುವಾಗಿ ಪೋಣಿಸುತ್ತೀರಿ. ಸರಿ. ಆಮೇಲೆ ಗಣಕ ಕೊಟ್ಟ ಚಿತ್ರವನ್ನು ಸೂಕ್ಷ್ಮದರ್ಶಕದಲ್ಲಿ ಕಾಣುವ ತಂತುಗಳ ಜೊತೆ ಹೋಲಿಸಿ. 1970ರಲ್ಲಿ ಬರೀ ಗಾಜಿನ ಪಟ್ಟಿ ಇಟ್ಟುಕೊಂಡು ಮಾಡಿದ ಎಣಿಕೆ ಇವತ್ತಿಗೂ ಸುಳ್ಳಾಗಿಲ್ಲ. ಎನ್-50 ಇಷ್ಟು ಬಂತು, ಬಸ್ಕೋದಲ್ಲಿ ಇಷ್ಟು ಶೇಕಡ ಬಂತು ಎಂದು ನೀವು ಬೀಗುವುದನ್ನು ಕೇಳಿದ್ದೇನೆ. ಮೊದಲನೆಯದು ತುಂಡುಗಳು ಎಷ್ಟು ಉದ್ದ ಎಂದು ಹೇಳುತ್ತದೆ, ಸರಿಯಾಗಿ ಕೂಡಿವೆಯೇ ಎಂದು ಹೇಳುವುದಿಲ್ಲ. ಎರಡನೆಯದು ಇರಲೇಬೇಕಾದ ಜೀನುಗಳ ಹಾಜರಿ ಪುಸ್ತಕ. ಹಾಜರಿ ಪೂರ್ತಿ ಇದ್ದ ತರಗತಿಯಲ್ಲೂ ಏನೇನು ನಡೆಯುತ್ತದೆ ಎಂದು ಮೇಷ್ಟ್ರಾಗಿದ್ದವನಿಗೆ ಗೊತ್ತು.

ಇಷ್ಟೆಲ್ಲ ಮಾಡಿ ಏನಾಯಿತು ಎಂದು ಊರಿನವರು ಕೇಳುತ್ತಾರೆ. ಕೇಳಲಿ, ಉತ್ತರ ಇದೆ. ಮಣಿಪುರದ ಸಂಗಾಯಿ ಜಿಂಕೆ 1975ರ ಎಣಿಕೆಯಲ್ಲಿ 14ಕ್ಕೆ ಇಳಿದಿತ್ತು. ಕೈಬುಲ್ ಲಾಮ್ಜಾವೊದಲ್ಲಿ ಕಾಪಾಡಿದ ಮೇಲೆ 2016ಕ್ಕೆ 260 ಆಯಿತು. ಅಷ್ಟು ಕೆಲವೇ ಪ್ರಾಣಿಗಳಿಂದ ಬೆಳೆದ ಹಿಂಡಿನಲ್ಲಿ ಯಾವುದನ್ನು ಯಾವುದಕ್ಕೆ ಕೂಡಿಸಬಾರದು ಎಂದು ಜೀನೋಮ್ ಹೇಳಬಲ್ಲದು. ಹೈದರಾಬಾದಿನಲ್ಲಿ ಸಿಸಿಎಂಬಿಯ ವನ್ಯಜೀವಿ ಪ್ರಯೋಗಾಲಯ ಲ್ಯಾಕೋನ್ಸ್ ಇದೆ. ಮೌಸ್ ಡೀರ್ ಎನ್ನುವ ಪುಟ್ಟ ಪ್ರಾಣಿಯನ್ನು ಅಲ್ಲಿನ ಮೃಗಾಲಯದೊಂದಿಗೆ ಸೇರಿ 2010ರಿಂದ ಬೆಳೆಸಿ ಅಮ್ರಾಬಾದ್ ಕಾಡಿಗೆ ಬಿಟ್ಟರು. ಹಿಡಿದ ಮಾಂಸದ ಚೂರಿನಿಂದ ಅದು ಯಾವ ಪ್ರಾಣಿ ಎಂದು ಕೋರ್ಟಿಗೆ ಹೇಳುವ ಕೆಲಸವೂ ಅಲ್ಲೇ ನಡೆಯುತ್ತದೆ. ಮುಂದೆ ಘಟ್ಟದ ಬೇರೆಬೇರೆ ಕಾಡುಗಳ ಕಾಡುಕುರಿಗಳ ಗುರುತು ನಮ್ಮಲ್ಲಿದ್ದರೆ, ಮಾಂಸ ಯಾವ ಕಡೆಯ ಕಾಡಿನದು ಎಂದು ಹೇಳುವುದಕ್ಕೂ ದಾರಿಯಾದೀತು. ಉರುಳು ಹಾಕುವವನಿಗೆ ಅದು ತಲೆನೋವೇ. ಆದರೆ ಸಂಗಾಯಿಯ 14 ಪ್ರಾಣಿಗಳನ್ನು ಆ ದಿನಗಳಲ್ಲಿ ಉಳಿಸಿದ್ದು ಜೀನೋಮಲ್ಲ, ಕಾವಲು ಮತ್ತು ಹುಲ್ಲು. ಗಣಕದ ಮುಂದೆ ಕೂತು ಇದನ್ನು ಮರೆತರೆ ಸಂರಕ್ಷಣೆ ಮಾಡುತ್ತಿದ್ದೇನೆ ಎಂಬ ಭ್ರಮೆ ಬಂದುಬಿಡುತ್ತದೆ.

ಓದಿದ್ದನ್ನು ನಿಮ್ಮ ಹಾರ್ಡ್‌ಡಿಸ್ಕಿನಲ್ಲಿ ಬಚ್ಚಿಡಬೇಡಿ. ಫರೀದಾಬಾದಿನಲ್ಲಿ 2022ರಿಂದ ಭಾರತೀಯ ಜೈವಿಕ ದತ್ತಾಂಶ ಕೇಂದ್ರ ನಡೆಯುತ್ತಿದೆ, ಅಲ್ಲಿಗೆ ಸೇರಿಸಿ. ಪ್ರಬಂಧ ಬರೆದಾಗ ಬೆಟ್ಟ ಹತ್ತಿಸಿದ ಯರವ ಹುಡುಗನ ಹೆಸರನ್ನೂ, ರಾತ್ರಿ ಫೋನ್ ಮಾಡಿ ಸತ್ತ ಪ್ರಾಣಿಯ ಸುದ್ದಿ ಕೊಟ್ಟ ಫಾರೆಸ್ಟ್ ಗಾರ್ಡಿನ ಹೆಸರನ್ನೂ ಹಾಕಿ. ಪೊನ್ನಂಪೇಟೆಯ ಅರಣ್ಯ ಕಾಲೇಜು ಪಕ್ಕದಲ್ಲೇ ಇದೆ, ಅಲ್ಲಿನವರನ್ನು ಬಿಟ್ಟು ನೇರ ಬರ್ಲಿನ್ನಿಗೆ ಪತ್ರ ಬರೆಯುವ ಅಭ್ಯಾಸ ಬೇಡ.

ಇಷ್ಟರಲ್ಲಿ ಜೀನೋಮಿನ ಗೊಡವೆಗೇ ಹೋಗದ ನಿಮ್ಮ ತಮ್ಮ ತಂಗಿಯರಿಗೂ ಒಂದು ಕೆಲಸ ಇದೆ. ರಸ್ತೆಯಲ್ಲೋ ತೋಟದ ಬೇಲಿಯಲ್ಲೋ ಗಾಯಗೊಂಡ ಅಥವಾ ಸತ್ತ ಕಾಡುಕುರಿ ಕಂಡರೆ ಮುಟ್ಟಬೇಡಿ, ಮನೆಗೆ ತರಬೇಡಿ, ಅಡುಗೆಮನೆಯ ದಾರಿಯನ್ನಂತೂ ತೋರಿಸಲೇಬೇಡಿ. ನಾಯಿಗಳನ್ನು ದೂರ ಓಡಿಸಿ, ದೂರದಿಂದ ಒಂದು ಫೋಟೊ ತೆಗೆದು, ಜಾಗ ಮತ್ತು ಹೊತ್ತು ಬರೆದುಕೊಂಡು ಆ ಕೂಡಲೇ ಹತ್ತಿರದ ಅರಣ್ಯ ಕಚೇರಿಗೆ ಫೋನ್ ಮಾಡಿ. ಪಶುವೈದ್ಯರು ಒಂದೆರಡು ಗಂಟೆಯೊಳಗೆ ಬಂದರೆ ಆ ಮಾದರಿ ಕೆಲಸಕ್ಕೆ ಬರುತ್ತದೆ, ಮರುದಿನ ಬಂದರೆ ಬರುವುದಿಲ್ಲ.